ಘಟ್ಟದ ಮೇಲಿನ ಕೇಬಲ್ ವಾರ್ತೆ: ದಾಖಲಾತಿ ಕೆಲಸದ ಈವರೆಗಿನ ಪ್ರಗತಿ

ಶಿರಸಿ, ಸಿದ್ದಾಪುರ ಭಾಗದಲ್ಲಿ ಪ್ರಸಾರವಾಗುವ ಒಂದು ಕೇಬಲ್ ವಾಹಿನಿಯ ಸಂಜೆಯ ವಾರ್ತೆಯನ್ನು ದಾಖಲಿಸಿಟ್ಟುಕೊಂಡು, ಅದರಲ್ಲಿ ಬರುವ ಪ್ರತಿಯೊಂದು ಸುದ್ದಿಯನ್ನೂ ಕೆಲವು ನಿಗದಿತ ಪ್ರಶ್ನೆಗಳಿಗೆ ಒಡ್ಡಿ ನೋಡುವ ಹವ್ಯಾಸವನ್ನು ಕಳೆದ ಚಳಿಗಾಲದಲ್ಲಿ ಆರಂಭಿಸಿದ್ದೆ. ಮಳೆಗಾಲ ಮುಗಿಯುತ್ತಿರುವ ಈ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂದಿರುವುದರಿಂದ, ಈವರೆಗೆ ಏನು ಮಾಡಿದೆ, ಏನು ಕಂಡೆ ಎಂಬುದನ್ನು ಬರೆದಿಡುತ್ತಿದ್ದೇನೆ. ವಾಹಿನಿಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಒಂದು ಸಂಸ್ಥೆಯ ಗುಣದೋಷಗಳನ್ನು ಎತ್ತಿ ತೋರಿಸುವುದು ನನ್ನ ಗುರಿಯಲ್ಲ. ಇಷ್ಟು ಚಿಕ್ಕ ಪ್ರದೇಶದಲ್ಲಿ, ಇಷ್ಟು ಕಡಿಮೆ ಜನ ಮತ್ತು ಹಣದಲ್ಲಿ ನಡೆಯುವ ಟಿವಿ ವಾರ್ತೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸೊರಗುತ್ತದೆ, ಯಾಕೆ ಸೊರಗುತ್ತದೆ ಎಂಬುದನ್ನು ತಿಳಿಯಬೇಕಾಗಿದೆ.

ಉತ್ತರ ಕನ್ನಡದಂಥ ಜಿಲ್ಲೆಗೆ ಈ ಪ್ರಶ್ನೆ ಹೆಚ್ಚು ಸಲ್ಲುತ್ತದೆ. 12 ತಾಲೂಕುಗಳ ಈ ಜಿಲ್ಲೆಯಲ್ಲಿ ಕರಾವಳಿಯ ಬದುಕೇ ಬೇರೆ, ಘಟ್ಟದ ಮೇಲಿನದೇ ಬೇರೆ. ಜಿಲ್ಲಾ ಕೇಂದ್ರವಾದ ಕಾರವಾರವು ಜಿಲ್ಲೆಯ ಒಂದು ಮೂಲೆಯಲ್ಲಿದೆ. ಬೆಂಗಳೂರಿನಿಂದ ಪ್ರಸಾರವಾಗುವ ಉಪಗ್ರಹ ವಾಹಿನಿಗಳಲ್ಲಿ ನಮ್ಮ ಕಡೆಯ ಸುದ್ದಿ ಕಾಣಿಸುವುದು ಗುಡ್ಡ ಕುಸಿದಾಗ, ಸೇತುವೆ ಬಿದ್ದಾಗ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ರಾಜ್ಯದ ವಾಹಿನಿಗಳಷ್ಟೇ ಅಲ್ಲ, ಕೇರಳದ ವಾಹಿನಿಗಳೂ ಗಂಗಾವಳಿಯ ದಡದಲ್ಲಿ ವಾರಗಟ್ಟಲೆ ಬೀಡುಬಿಟ್ಟವು. ಆದರೆ ನಾನು ನೋಡಿದ ಮಟ್ಟಿಗೆ ಆ ಪ್ರಸಾರದ ಬಹುಪಾಲು ನೀರಿನಲ್ಲಿ ಮುಳುಗಿದ ಲಾರಿಯ ಶೋಧದ ಸುತ್ತಲೇ ಇತ್ತು. ನದಿಯ ಆಚೆ ದಡದ ಉಳುವರೆಯಲ್ಲಿ, ಕುಸಿದ ಮಣ್ಣು ಎಬ್ಬಿಸಿದ ನೀರಿನ ಹೊಡೆತಕ್ಕೆ ಮನೆ ಕಳೆದುಕೊಂಡವರ ಮಾತು ಕೇಳಿಸಿದ್ದು ಕಡಿಮೆ. ಮರು ತಿಂಗಳು, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗಲೂ ಹೀಗೆಯೇ ಆಯಿತು. ದೊಡ್ಡ ವಾಹಿನಿಗಳು ಬಂದು ಹೋದ ಮೇಲೆ ಉಳಿಯುವ ಪ್ರಶ್ನೆಗಳನ್ನು ಕೇಳಬೇಕಾದವರು ಸ್ಥಳೀಯರೇ. ಅವರು ಕೇಳುತ್ತಾರೆಯೇ ಎಂಬುದನ್ನು ಅನಿಸಿಕೆಯ ಮೇಲೆ ಹೇಳದೆ ದಾಖಲೆ ಇಟ್ಟು ನೋಡಬೇಕೆಂಬ ಹಂಬಲದಿಂದಲೇ ಈ ಕೆಲಸ ಹುಟ್ಟಿತು.

ದಾಖಲಿಸುವ ವ್ಯವಸ್ಥೆ ಸರಳವಾಗಿದೆ. ಕೇಬಲ್‌ನವರು ಕೊಟ್ಟ ಸೆಟ್ ಟಾಪ್ ಬಾಕ್ಸ್‌ನ ಹಿಂಬದಿಯ ಹಳದಿ, ಕೆಂಪು, ಬಿಳಿ ತಂತಿಗಳನ್ನು, ಟಿವಿಯ ಚಿತ್ರ ಮತ್ತು ಧ್ವನಿಯನ್ನು ಕಂಪ್ಯೂಟರ್‌ಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿ, ಅದನ್ನು ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ. ವಾರ್ತೆಯ ಹೊತ್ತಿಗೆ ತಾನಾಗಿಯೇ ಮುದ್ರಣ ಶುರುವಾಗಿ, ಮುಗಿದ ಮೇಲೆ ದಿನಾಂಕದ ಹೆಸರಿನಲ್ಲಿ ಕಡತ ಉಳಿಯುತ್ತದೆ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದ ಕಾರಣ ಲ್ಯಾಪ್‌ಟಾಪ್, ಸೆಟ್ ಟಾಪ್ ಬಾಕ್ಸ್ ಎರಡನ್ನೂ ಇನ್ವರ್ಟರ್‌ಗೆ ಹಾಕಿದ್ದೇನೆ. ಆದರೂ ದಾರಿಯಲ್ಲಿ ಎಲ್ಲೋ ಮರ ಬಿದ್ದು ಕೇಬಲ್ ತುಂಡಾದ ದಿನಗಳ ವಾರ್ತೆ ಸಿಗುವುದಿಲ್ಲ, ಆ ದಿನಗಳನ್ನು ಖಾಲಿ ಎಂದೇ ಗುರುತಿಸಿದ್ದೇನೆ. ವಾಹಿನಿಯು ತನ್ನ ವಾರ್ತೆಯನ್ನು ಯೂಟ್ಯೂಬ್‌ಗೂ ಹಾಕುತ್ತದೆಯಲ್ಲ, ಅದನ್ನೇ ಇಳಿಸಿಕೊಂಡರೆ ಸಾಲದೇ ಎಂದು ಕೆಲವರು ಕೇಳಿದರು. ಸಾಲದು. ಅಲ್ಲಿ ಬರುವುದು ಬಿಡಿ ಸುದ್ದಿಗಳು. ಯಾವ ಸುದ್ದಿ ಮೊದಲು ಬಂತು, ಯಾವುದು ಕೊನೆಗೆ ಸರಿಯಿತು, ನಡುವೆ ಯಾರ ಜಾಹೀರಾತಿತ್ತು, ಪರದೆಯ ಕೆಳಗೆ ಓಡುವ ಸ್ಕ್ರೋಲ್‌ನಲ್ಲಿ ಏನಿತ್ತು ಎಂಬುದು ಅಲ್ಲಿ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ವಾರ್ತೆಯ ಗುಣವನ್ನು ಅಳೆಯುವಾಗ ಈ ಜೋಡಣೆಯೂ ಸುದ್ದಿಯಷ್ಟೇ ಮುಖ್ಯ.

ಪ್ರಶ್ನಾವಳಿಯನ್ನು ಸಿದ್ಧಪಡಿಸುವಾಗ, ಅಮೆರಿಕದಲ್ಲಿ ಪ್ರಾಜೆಕ್ಟ್ ಫಾರ್ ಎಕ್ಸಲೆನ್ಸ್ ಇನ್ ಜರ್ನಲಿಸಂ ಎಂಬ ಸಂಸ್ಥೆಯು 1998ರಿಂದ 2002ರವರೆಗೆ ಅಲ್ಲಿನ ಸ್ಥಳೀಯ ಟಿವಿ ವಾರ್ತೆಗಳ ಮೇಲೆ ನಡೆಸಿದ ಅಧ್ಯಯನದ ಕ್ರಮವನ್ನು ಮಾದರಿಯಾಗಿ ಇಟ್ಟುಕೊಂಡೆ. ಸುದ್ದಿಯ ಮೂಲಗಳೆಷ್ಟು, ವರದಿಗಾರ ತಾನಾಗಿ ಹುಡುಕಿಕೊಂಡು ಹೋದದ್ದೋ ಕರೆ ಬಂದು ಹೋದದ್ದೋ, ವಿಷಯ ಊರಿಗೆ ಎಷ್ಟು ಸಂಬಂಧಿಸಿದ್ದು ಎಂಬಂಥ ಪ್ರಶ್ನೆಗಳು ನಮ್ಮಲ್ಲಿಗೂ ಹೊಂದುತ್ತವೆ. ಅದಕ್ಕೆ ನಾನು ಸೇರಿಸಿದ್ದು ಮೂರು: ವೇದಿಕೆಯ ಮೇಲೆ ಇಲ್ಲದ ಒಬ್ಬರಾದರೂ ಮಾತನಾಡಿದರೇ, ಸುದ್ದಿ ಯಾವ ಹೋಬಳಿಯದು, ಇದೇ ಸುದ್ದಿ ಮತ್ತೊಮ್ಮೆ ಬಂತೇ, ಬಂದಿದ್ದರೆ ಹೊಸದೇನನ್ನು ತಂದಿತು. ಮೂರನೆಯ ಪ್ರಶ್ನೆಯ ಕಾಲಂ ಈಗ ಇಡೀ ಕೆಲಸದ ಬೆನ್ನೆಲುಬಾಗಿದೆ. ತಂಗಿಯ ಮಗಳು ಪತ್ರಿಕೋದ್ಯಮ ಓದುತ್ತಿದ್ದಾಳೆ. ಅವಳು ರಜೆಗೆ ಬಂದಾಗ ಕೆಲವು ದಿನಗಳ ವಾರ್ತೆಯನ್ನು ನನ್ನ ಗುರುತುಗಳನ್ನು ನೋಡದೆ ತಾನೇ ವರ್ಗೀಕರಿಸಿದಳು. ಇಬ್ಬರ ಗುರುತುಗಳೂ ಹೆಚ್ಚಿನ ಕಡೆ ಹೊಂದಿದವು. ಭಿನ್ನಾಭಿಪ್ರಾಯ ಬಂದದ್ದು ಜಾಹೀರಾತಿನಂತೆ ಕಾಣುವ ಸುದ್ದಿಗಳಲ್ಲಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲ ಕೆಲವು ವಾರಗಳಲ್ಲೇ ಸ್ಪಷ್ಟವಾದ ಸಂಗತಿಯೆಂದರೆ, ವಾರ್ತೆಯ ಅರ್ಧಕ್ಕಿಂತ ಹೆಚ್ಚಿನ ಹೊತ್ತು ಸಭೆ, ಸಮಾರಂಭ, ಉದ್ಘಾಟನೆ, ಸನ್ಮಾನ, ಸುದ್ದಿಗೋಷ್ಠಿ ಮತ್ತು ಮನವಿ ಸಲ್ಲಿಕೆಗಳಿಗೆ ಹೋಗುತ್ತದೆ. ಇವು ಸುದ್ದಿಯೇ ಅಲ್ಲ ಎಂದು ನಾನು ಹೇಳುವುದಿಲ್ಲ. ಶಾಲೆಯ ಅಮೃತ ಮಹೋತ್ಸವ ಆ ಊರಿಗೆ ದೊಡ್ಡ ಸಂಗತಿ, ಅದನ್ನು ಬೇರೆ ಯಾವ ವಾಹಿನಿಯೂ ತೋರಿಸುವುದಿಲ್ಲ. ಕೊರತೆ ಇರುವುದು ಸಮಾರಂಭದ ಒಳಗೇ ಇರುವ ಸುದ್ದಿಯನ್ನು ಬಿಟ್ಟುಬಿಡುವುದರಲ್ಲಿ. ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ.

ಚಳಿಗಾಲ ಕಳೆಯುವ ಹೊತ್ತಿಗೆ, ಮಂಗನ ಕಾಯಿಲೆಯ ದಿನಗಳಲ್ಲಿ, ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಡೆಪಾ ತೈಲ ವಿತರಿಸಿದ ಸುದ್ದಿ ಬಂತು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ನಮ್ಮ ಭಾಗದ ಕಾಡಿನಂಚಿನ ಮನೆಗಳಿಗೆ ಹಳೆಯ ಭಯ. 2024ರಲ್ಲಿ ಸಿದ್ದಾಪುರ ತಾಲೂಕು ಅದರಿಂದ ಬಹಳ ನಲುಗಿತು. ಹಳೆಯ ಲಸಿಕೆಯ ಬಳಕೆ 2022ರಲ್ಲೇ ನಿಂತಿರುವುದರಿಂದ ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋಗುವವರಿಗೆ ಈ ಜ್ವರವನ್ನು ಹರಡುವ ಉಣುಗು (ಉಣ್ಣೆ) ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಈ ತೈಲವೇ ಮುಖ್ಯ ರಕ್ಷಣೆ. ಸುದ್ದಿಯಲ್ಲಿ ಆಂಕರ್ ಓದಿದ ಪೀಠಿಕೆಯ ನಂತರ ವೇದಿಕೆಯ ದೃಶ್ಯ, ದೀಪ ಬೆಳಗಿದ ದೃಶ್ಯ, ಉಪಸ್ಥಿತರಿದ್ದ ಗಣ್ಯರ ಹೆಸರುಗಳ ದೀರ್ಘ ಪಟ್ಟಿ, ಅತಿಥಿಯೊಬ್ಬರ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಚಿಕ್ಕ ಹೇಳಿಕೆ, ಬಂದವು. ತೈಲವನ್ನು ಎಷ್ಟು ಹೊತ್ತಿಗೊಮ್ಮೆ ಹಚ್ಚಿಕೊಳ್ಳಬೇಕು, ಮುಗಿದರೆ ಮತ್ತೆ ಎಲ್ಲಿ ಸಿಗುತ್ತದೆ, ಜ್ವರ ಬಂದರೆ ರಕ್ತದ ಮಾದರಿಯನ್ನು ಎಲ್ಲಿ ಕೊಡಬೇಕು, ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋದ ಮಾದರಿಯ ವರದಿ ಬರಲು ಎಷ್ಟು ದಿನ ಹಿಡಿಯುತ್ತಿದೆ ಎಂಬ ಒಂದು ಮಾತೂ ಇರಲಿಲ್ಲ. ದೃಶ್ಯದ ಹಿನ್ನೆಲೆಯಲ್ಲಿ ಆರೋಗ್ಯ ಸಹಾಯಕಿಯೊಬ್ಬರು ಹೆಂಗಸೊಬ್ಬರಿಗೆ ಬಾಟಲಿ ಹಿಡಿದು ಏನನ್ನೋ ವಿವರಿಸುತ್ತಿರುವುದು ಕಾಣುತ್ತದೆ. ಮೈಕ್ ಅತ್ತ ತಿರುಗಿದ್ದರೆ ಆ ಸುದ್ದಿ ಹಳ್ಳಿಯ ಎಷ್ಟು ಮನೆಗಳಿಗೆ ಉಪಯೋಗವಾಗುತ್ತಿತ್ತು ಎಂದು ಆ ಭಾಗವನ್ನು ಮತ್ತೆ ಮತ್ತೆ ನೋಡುವಾಗ ಸಂಕಟವಾಯಿತು.

ವರದಿಗಾರನನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಇಂಥ ವಾಹಿನಿಗಳಲ್ಲಿ ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿ ಬೈಕಿನಲ್ಲಿ ಹೋಗಿ ಚಿತ್ರೀಕರಿಸಿ, ಬರೆದು, ಕೆಲವೊಮ್ಮೆ ಧ್ವನಿಯನ್ನೂ ಕೊಟ್ಟು, ಎಡಿಟಿಂಗ್‌ಗೂ ಕೂರುತ್ತಾನೆ. ಬೆಳಿಗ್ಗೆ ಒಂದು ಉದ್ಘಾಟನೆ, ಮಧ್ಯಾಹ್ನ ಒಂದು ಸುದ್ದಿಗೋಷ್ಠಿ, ನಡುವೆ ಒಂದು ಅಪಘಾತ ಇದ್ದರೆ ಯಾವುದರಲ್ಲೂ ಕಾರ್ಯಕ್ರಮ ಮುಗಿಯುವ ತನಕ ನಿಲ್ಲಲು ಆಗುವುದಿಲ್ಲ. ವಾಹಿನಿಯ ಆದಾಯವೂ ಊರಿನ ಅಂಗಡಿ, ಸಹಕಾರಿ ಸಂಘ, ಶಿಕ್ಷಣ ಸಂಸ್ಥೆಗಳ ಜಾಹೀರಾತು ಮತ್ತು ಹಬ್ಬದ ಶುಭಾಶಯಗಳಿಂದಲೇ ಬರಬೇಕು. ಸಮಾರಂಭವನ್ನು ಏರ್ಪಡಿಸುವವರೂ ಅವರೇ ಆಗಿರುವಾಗ ಗಣ್ಯರ ಹೆಸರುಗಳ ಪಟ್ಟಿಯನ್ನು ಕತ್ತರಿಸುವುದು ವಾಹಿನಿಗೆ ಸುಲಭದ ನಿರ್ಧಾರವಲ್ಲ. ಮುಂಬರುವ ಚುನಾವಣೆಯಲ್ಲಿ ನಿಲ್ಲುವವರು, ರಸ್ತೆಯ ಗುತ್ತಿಗೆ ಹಿಡಿದವರು, ಕೇಬಲ್ ಸಂಪರ್ಕ ಪಡೆದವರು ಎಲ್ಲರೂ ಪರಸ್ಪರ ಪರಿಚಿತರೇ. ಮಹಾನಗರದ ಪತ್ರಕರ್ತರಿಗೆ ಇಲ್ಲದ ಕಷ್ಟ ಇದು.

ಆದರೂ ಒಂದು ವಿಷಯದಲ್ಲಿ ರಿಯಾಯಿತಿ ಕೊಡಲಾರೆ. ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಗಳಲ್ಲಿ 7ನೆಯದು ಜಾಹೀರಾತು ಸಂಹಿತೆಯಾಗಿದ್ದು, ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು ಎಂದು ಅದು ಹೇಳುತ್ತದೆ. ಹೊಸ ಚಿನ್ನದ ಮಳಿಗೆಯ ಆರಂಭ, ಆಸ್ಪತ್ರೆಯ ಹೊಸ ಯಂತ್ರ, ಖಾಸಗಿ ಕಾಲೇಜಿನ ಪ್ರವೇಶ ಪ್ರಕಟಣೆ ಇವೆಲ್ಲ ಆಂಕರ್‌ನ ಅದೇ ಧ್ವನಿಯಲ್ಲಿ, ಅದೇ ಚೌಕಟ್ಟಿನಲ್ಲಿ, ಅಪಘಾತ ಮತ್ತು ರಸ್ತೆ ಕುಸಿತದ ಸುದ್ದಿಗಳ ನಡುವೆಯೇ ಬಂದರೆ ನೋಡುವವರಿಗೆ ಭೇದ ತಿಳಿಯುವುದು ಹೇಗೆ? ತಂಗಿಯ ಮಗಳು ಮತ್ತು ನಾನು ಹೊಂದದೆ ಉಳಿದದ್ದು ಇಲ್ಲಿಯೇ. ಅವಳು ಇವನ್ನು ನೇರವಾಗಿ ಜಾಹೀರಾತಿನ ಕಾಲಂಗೆ ಹಾಕಿದ್ದಳು. ಹಣ ಸಂದಾಯವಾಗಿದೆಯೋ ಇಲ್ಲವೋ ಎಂಬುದಕ್ಕೆ ನಮ್ಮ ಬಳಿ ಪುರಾವೆ ಇಲ್ಲದ ಕಾರಣ, ವ್ಯಾಪಾರದ ಪ್ರಚಾರವಾಗಿ ಪರಿಣಮಿಸುವ ಸುದ್ದಿ ಎಂಬ ಪ್ರತ್ಯೇಕ ಕಾಲಂ ತೆರೆದು ಅಲ್ಲಿಗೆ ಸೇರಿಸಿದ್ದೇವೆ. ಪರದೆಯ ಮೂಲೆಯಲ್ಲಿ ಪ್ರಾಯೋಜಿತ ಎಂಬ ಒಂದು ಪದ ಹಾಕಿದರೆ ವಾಹಿನಿಗೆ ಆಗುವ ನಷ್ಟಕ್ಕಿಂತ ಬರುವ ಗೌರವ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಚೆನ್ನಾಗಿರುವುದರ ವಿಷಯ. ಅಡಿಕೆ ಧಾರಣೆಯ ಭಾಗವನ್ನು ನಾನು ಯಾವ ವಾಹಿನಿಯ ವಾರ್ತೆಯ ಪಕ್ಕದಲ್ಲಾದರೂ ನಿಲ್ಲಿಸಬಲ್ಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಹೀಗೆ ಅಡಿಕೆಯ ಪ್ರತಿಯೊಂದು ಬಗೆಗೂ ಕನಿಷ್ಠ, ಗರಿಷ್ಠ, ಸರಾಸರಿ ದರವನ್ನು ದಿನಾಂಕದೊಂದಿಗೆ ತೋರಿಸಲಾಗುತ್ತದೆ. ವ್ಯಾಪಾರ ನಡೆಯದ ದಿನ ಹಳೆಯ ದರವನ್ನೇ ಹಾಕದೆ, ವ್ಯಾಪಾರವಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತಾರೆ. ಹೆಸ್ಕಾಂ ಯಾವ ಫೀಡರ್‌ನಲ್ಲಿ ಎಷ್ಟು ಹೊತ್ತು ವಿದ್ಯುತ್ ನಿಲ್ಲಿಸಲಿದೆ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದಾಗ ಕುಮಟಾಕ್ಕೆ ಹೋಗುವವರು ಯಾವ ದಾರಿ ಹಿಡಿಯಬೇಕು, ಭಾರೀ ವಾಹನಗಳಿಗೆ ನಿರ್ಬಂಧ ಯಾವಾಗಿನಿಂದ, ಯಾರು ತೀರಿಕೊಂಡರು ಎಂಬುದನ್ನೆಲ್ಲ ಸ್ಕ್ರೋಲ್ ನಿಖರವಾಗಿ ಕೊಡುತ್ತದೆ. ಮಳೆಯ ಅಬ್ಬರದ ದಿನಗಳಲ್ಲಿ ರಾಜ್ಯದ ವಾಹಿನಿಗಳು ಇಡೀ ಮಲೆನಾಡು ತತ್ತರಿಸಿದೆ ಎಂದು ಕೂಗುತ್ತಿದ್ದಾಗ, ನಮ್ಮ ವಾಹಿನಿ ಯಾವ ಹಳ್ಳದ ನೀರು ಯಾವ ಸೇತುವೆಯ ಮೇಲೆ ಬಂದಿದೆ, ಯಾವ ಬಸ್ಸು ಎಲ್ಲಿಂದ ಮರಳುತ್ತಿದೆ ಎಂದು ಸಮಾಧಾನದ ಧ್ವನಿಯಲ್ಲಿ ಹೇಳುತ್ತಿತ್ತು. ಭಯ ಹುಟ್ಟಿಸುವ ಹಿನ್ನೆಲೆ ಸಂಗೀತವಿಲ್ಲ, ಕೆಂಪು ವೃತ್ತಗಳಿಲ್ಲ. ಇದು ಬಡತನದಿಂದ ಬಂದ ಸಂಯಮವೆಂದು ಕೆಲವರು ಹೇಳಬಹುದು. ನಾನು ಹಾಗೆ ತಿಳಿಯುವುದಿಲ್ಲ. ಹೇಳಿದ್ದು ತಪ್ಪಾದರೆ ಮರುದಿನ ಪೇಟೆಯಲ್ಲಿ ಎದುರಾಗುವ ಜನರಿಗೆ ಉತ್ತರಿಸಬೇಕೆಂಬ ಅರಿವು ಆ ಧ್ವನಿಯಲ್ಲಿದೆ.

ಈ ಮಳೆಗಾಲದ ದಾಖಲೆಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಒಂದು ಕಾಲುಸಂಕದ, ಅಂದರೆ ನಡೆದು ದಾಟುವ ಚಿಕ್ಕ ಸೇತುವೆಯ ಸುದ್ದಿ. ಹಳ್ಳದ ಮೇಲಿನ ಅಡಿಕೆ ಮರದ ಸಂಕ ತೇಲಿಹೋಗಿ, ಆಚೆ ದಡದ ಕೆಲವೇ ಮನೆಗಳ ಮಕ್ಕಳು ಶಾಲೆಗೆ ಬರಲಾಗದ ಸುದ್ದಿ ಅದು. ವರದಿಗಾರ ಮೊದಲ ದಿನ ಹಳ್ಳದ ಈಚೆಯಿಂದಲೇ ಮಾತನಾಡಿದ್ದ. ಎರಡನೆಯ ಸಲ ಸುತ್ತುದಾರಿಯಲ್ಲಿ ಆಚೆ ದಡಕ್ಕೆ ಹೋಗಿ, ಬಾಣಂತಿಯನ್ನು ಕುರ್ಚಿಯಲ್ಲಿ ಹೊತ್ತು ದಾಟಿಸಿದ ವಿವರವನ್ನು ಮನೆಯವರ ಬಾಯಿಯಿಂದಲೇ ಹೇಳಿಸಿದ. ಮೂರನೆಯ ಸಲ ಪಂಚಾಯಿತಿ ಕಚೇರಿಯಲ್ಲಿ ಪಿಡಿಒ ಎದುರು ಕುಳಿತು, ಸಂಕಕ್ಕೆ ಅಂದಾಜು ಪಟ್ಟಿ ಕಳುಹಿಸಿದ್ದು ಯಾವಾಗ, ಅದು ಈಗ ಯಾವ ಕಚೇರಿಯಲ್ಲಿದೆ ಎಂದು ಕೇಳಿದ. ಉತ್ತರ ಕೊಡಲು ಅಧಿಕಾರಿ ಕಡತ ತರಿಸಿಕೊಂಡಿದ್ದೂ ಪರದೆಯಲ್ಲಿ ಕಂಡಿತು. ಗಣ್ಯರ ಹೆಸರುಗಳಿಗೆ ಹೋಗುವ ಹೊತ್ತಿನಷ್ಟೂ ಬೇಕಾಗದ ಸುದ್ದಿ ಇದು. ಹೆಚ್ಚು ಹಣವನ್ನಾಗಲಿ ಹೊಸ ಕ್ಯಾಮೆರಾವನ್ನಾಗಲಿ ಅದು ಕೇಳಲಿಲ್ಲ, ಅದೇ ಜಾಗಕ್ಕೆ ಮತ್ತೆ ಹೋಗಲು ಬಿಡುವನ್ನಷ್ಟೇ ಕೇಳಿತು. ನನ್ನ ಕಾಲಂಗಳಲ್ಲಿ ಹೀಗೆ ಮರಳಿ ಬಂದ ಸುದ್ದಿಗಳು ಬಹಳ ಕಡಿಮೆ. ಮನವಿ ಸಲ್ಲಿಸಿದ ಸುದ್ದಿಗಳು ಹೇರಳವಾಗಿವೆ, ಮನವಿಗೆ ಏನಾಯಿತು ಎಂಬ ಸುದ್ದಿ ಬೆರಳೆಣಿಕೆಯಷ್ಟು. ವಾರ್ತೆಯ ಮಟ್ಟ ಏರಬೇಕಾದರೆ ಮೊದಲು ಸರಿಪಡಿಸಬೇಕಾದ ಜಾಗ ಇದೇ ಎಂಬ ನಿಲುವಿಗೆ ಬಂದಿದ್ದೇನೆ. ಸ್ಟುಡಿಯೋದ ಅಲಂಕಾರ, ಆಂಕರ್‌ನ ಉಚ್ಚಾರಣೆ ಇವೆಲ್ಲ ಆಮೇಲಿನವು.

ದಾಖಲೆ ಉಳಿಸುವ ಪ್ರಶ್ನೆಯೂ ಇದಕ್ಕೇ ಸೇರುತ್ತದೆ. ಕೇಂದ್ರ ಸರ್ಕಾರವು 2022ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಕೇಬಲ್ ಜಾಲಗಳು ತಾವೇ ನಡೆಸುವ ಇಂಥ ವಾಹಿನಿಗಳನ್ನು ಪ್ಲಾಟ್‌ಫಾರ್ಮ್ ಸರ್ವೀಸ್ ಎಂದು ಗುರುತಿಸಿ, ವಾಹಿನಿಯೊಂದಕ್ಕೆ 1000 ರೂಪಾಯಿ ಶುಲ್ಕದ ನೋಂದಣಿ, ಪ್ರಸಾರವಾದ ಕಾರ್ಯಕ್ರಮಗಳ ಮುದ್ರಣವನ್ನು 90 ದಿನ ಕಾಯ್ದಿಡುವ ಹೊಣೆ ಮುಂತಾದವನ್ನು ವಿಧಿಸಿದೆ. ದೂರು ಬಂದರೆ ಪರಿಶೀಲಿಸಲು 90 ದಿನ ಸಾಕಾಗಬಹುದು. ಆದರೆ ಒಂದು ಮಳೆಗಾಲದ ಭರವಸೆಯನ್ನು ಮುಂದಿನ ಮಳೆಗಾಲದಲ್ಲಿ ನೆನಪಿಸಬೇಕಾದ ವರದಿಗಾರನಿಗೆ ಅದು ಏನೂ ಅಲ್ಲ. ಹಳೆಯ ದೃಶ್ಯಗಳನ್ನು ಹುಡುಕಿ ತೆಗೆಯಲು ವಾಹಿನಿಯಲ್ಲೇ ಅನುಕೂಲವಿದ್ದರೆ, ಸಂಕದ ಸುದ್ದಿಯಂಥವು ಹೆಚ್ಚಾಗುತ್ತವೆ ಎಂದು ನಂಬಿದ್ದೇನೆ. ಆದ್ದರಿಂದ ನನ್ನ ವರ್ಗೀಕರಣದ ಪಟ್ಟಿಯಲ್ಲಿ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳು ಗಡುವು ಹೇಳಿದ ಸುದ್ದಿಗಳನ್ನು ಮಾತ್ರ ಬೇರ್ಪಡಿಸಿ, ಊರು ಮತ್ತು ಗಡುವಿನ ತಿಂಗಳಿನ ಪ್ರಕಾರ ಜೋಡಿಸುತ್ತಿದ್ದೇನೆ. ಸಂಪಾದಕರನ್ನು ಭೇಟಿಯಾಗಿ ಈ ಪಟ್ಟಿಯನ್ನು ಪ್ರತಿ ತಿಂಗಳು ಕೊಡುವುದಾಗಿ ಹೇಳಿದಾಗ ಅವರು ಸಂತೋಷದಿಂದ ಒಪ್ಪಿದರು. ಅಂಥ ಪಟ್ಟಿ ಮೇಜಿನ ಮೇಲಿದ್ದರೆ ಬೆಳಗಿನ ಹಂಚಿಕೆಯಲ್ಲಿ ಒಬ್ಬರನ್ನಾದರೂ ಅತ್ತ ಕಳುಹಿಸಬಹುದು ಎಂಬುದು ಅವರ ಮಾತು.

ಮುಂದಿನ ಹಂತದ ಕೆಲಸ ಎರಡು. ಕರಾವಳಿಯ ತಾಲೂಕೊಂದರ ಕೇಬಲ್ ವಾರ್ತೆಯನ್ನು ಇದೇ ಪ್ರಶ್ನೆಗಳಿಂದ ನೋಡಬೇಕಾಗಿದೆ. ಕುಮಟಾ ಅಥವಾ ಹೊನ್ನಾವರದಲ್ಲಿ ಮುದ್ರಿಸಿಕೊಡಬಲ್ಲವರು ಯಾರಾದರೂ ಇದ್ದರೆ ಕ್ಯಾಪ್ಚರ್ ಸಾಧನವನ್ನು ನಾನೇ ಕಳುಹಿಸುತ್ತೇನೆ. ಎರಡನೆಯದು ಹಳೆಯ ದಾಖಲೆಗಳ ಸಂಗ್ರಹ. ಕೇಬಲ್ ಡಿಜಿಟಲೀಕರಣದ ನಾಲ್ಕನೆಯ ಹಂತಕ್ಕೆ 2017ರ ಮಾರ್ಚ್ 31ರ ಗಡುವು ಇತ್ತು. ಅದಕ್ಕಿಂತ ಹಿಂದಿನ ಅನಲಾಗ್ ಕಾಲದಲ್ಲಿ ಆಯಾ ಊರಿನ ಕೇಬಲ್‌ನವರೇ ತೋರಿಸುತ್ತಿದ್ದ ಸ್ಥಳೀಯ ಸುದ್ದಿಯ ವಿಎಚ್‌ಎಸ್ ಕ್ಯಾಸೆಟ್ಟುಗಳು, ಸಿಡಿಗಳು ಕೆಲವರ ಅಟ್ಟದಲ್ಲಿ ಇನ್ನೂ ಇರಬಹುದು. ಮಲೆನಾಡಿನ ಮಳೆಗೆ ಕ್ಯಾಸೆಟ್ಟಿನ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಅಂಥದನ್ನು ಪ್ಲೇಯರ್‌ಗೆ ಹಾಕಿ ನೋಡಲು ಹೋಗದೆ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ತಿಳಿಸಿದರೆ ನಾನೇ ಬಂದು ಒಯ್ದು, ಡಿಜಿಟಲ್ ಪ್ರತಿ ಮಾಡಿ, ಮೂಲವನ್ನು ಮರಳಿಸುತ್ತೇನೆ.