ಮೂರು ದೇಶದಿಂದ ಬಂದ ಒಂದೇ ಬಿಯರ್

"ಬಿಯರ್ ಅದೇ ಆದರೂ ಜರ್ಮನಿಯಲ್ಲಿ ಸಿಗುವುದರ ರುಚಿಯೇ ಬೇರೆ ಮಾರಾಯ." ಮೇ ತಿಂಗಳ ರಜೆಗೆ ಊರಿಗೆ ಬಂದವರ ಕೂಟದಲ್ಲಿ ಈ ಮಾತು ವರ್ಷವೂ ಬರುತ್ತದೆ. ನಾಲ್ವರಲ್ಲಿ ಒಬ್ಬ ಇರುವುದು ಜರ್ಮನಿಯಲ್ಲಿ, ಒಬ್ಬ ಅಬುಧಾಬಿಯಲ್ಲಿ, ಇನ್ನೊಬ್ಬ ಸಿಂಗಾಪುರದಲ್ಲಿ. ನಾಲ್ಕನೆಯವನ ತೋಟದ ಮನೆ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ. ಆ ಮಾತನ್ನು ಈ ಸಲ ಪರೀಕ್ಷೆ ಮಾಡಿಯೇ ನೋಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಮೂವರೂ ತಾವಿರುವ ಊರಿನಿಂದ ಅಮೆರಿಕದ ಒಂದು ಕ್ರಾಫ್ಟ್ ಬ್ರೂವರಿಯ, ಅಂದರೆ ಸಣ್ಣ ಮಟ್ಟದಲ್ಲಿ ಬಿಯರ್ ಮಾಡುವವರ, ಒಂದೇ ಹೆಸರಿನ ಪೇಲ್ ಏಲ್ ಎಂಬ ಬಗೆಯ ಬಿಯರ್ ತಂದರು. ಜರ್ಮನಿಯವನೂ ಅಬುಧಾಬಿಯವನೂ ಬವೇರಿಯದ ಒಂದೇ ಹೆಸರಿನ ಗೋಧಿ ಬಿಯರನ್ನೂ ತಂದರು.

ತರುವ ಲೆಕ್ಕ ಮೊದಲೇ ತಿಳಿದಿರಬೇಕು. ಹೊರದೇಶದಿಂದ ಬರುವವರಿಗೆ ಸುಂಕವಿಲ್ಲದೆ ತರಲು ಇರುವ ಮಿತಿ ತಲಾ 2 ಲೀಟರ್. ಯುರೋಪಿನ 330 ಮಿಲಿ ಬಾಟಲಿಯಾದರೆ ಆರು, ಅಂದರೆ 1980 ಮಿಲಿ. ಅಮೆರಿಕದ ಅಳತೆಯ 355 ಮಿಲಿಯದ್ದಾದರೆ ಐದೇ. ಆರನೆಯದಕ್ಕೆ ಲೆಕ್ಕ 2130ಕ್ಕೆ ಹೋಗುತ್ತದೆ. ಬಾಟಲಿಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುವೆ ನಿಲ್ಲಿಸಿದರೆ ಸಾಕು. ವಿಮಾನದ ಸರಕಿನ ಕೋಣೆಯಲ್ಲೂ ಗಾಳಿಯ ಒತ್ತಡ ಕಾಯ್ದಿರುತ್ತದೆ, ಬಾಟಲಿ ತಾನಾಗಿ ಸಿಡಿಯುವುದಿಲ್ಲ. ಒಡೆಯುವುದು ಪೆಟ್ಟಿಗೆ ಎತ್ತಿ ಹಾಕುವಾಗ. ಕಣ್ಣೂರು ಅಥವಾ ಕೊಚ್ಚಿಯಲ್ಲಿ ಇಳಿದರೆ ಇನ್ನೊಂದು ತಲೆನೋವು ಇಲ್ಲ. ಮಂಗಳೂರಿನಲ್ಲಿ ಇಳಿದರೆ ಕೇರಳದ ಗಡಿಯ ತಲಪಾಡಿ ದಾಟಬೇಕು, ಪರವಾನಗಿ ಇಲ್ಲದೆ ಹೊರರಾಜ್ಯದ ಮದ್ಯ ಕೇರಳದೊಳಗೆ ತರುವಂತಿಲ್ಲ. ಗಡಿಯಲ್ಲಿ ಬಾಟಲಿ ಹಿಡಿದುಕೊಂಡು ವಾದ ಮಾಡುವ ಕೆಲಸ ಯಾರಿಗೂ ಬೇಡ. ಕೇರಳದಲ್ಲಿ ಕುಡಿಯುವ ವಯಸ್ಸು 23 ಎಂಬುದೂ ನೆನಪಿರಲಿ.

ಮುಚ್ಚಳ ತೆಗೆಯುವ ಮೊದಲು ಲೇಬಲ್ ಓದುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಹೆಚ್ಚಿನ ಉತ್ತರ ಅಲ್ಲೇ ಇತ್ತು. ಮೊದಲು ನೋಡಬೇಕಾದದ್ದು ತಯಾರಾದ ಜಾಗ. ಒಂದೇ ಹೆಸರು, ಒಂದೇ ಚಿತ್ರ ಇದ್ದರೂ ಒಳಗಿನದ್ದು ಬೇರೆ ದೇಶದ ಬೇರೆ ಕಾರ್ಖಾನೆಯದ್ದಾಗಿರಬಹುದು. ಬೀರಾ 91 ನಮ್ಮ ಮಾರುಕಟ್ಟೆಗೆ ಬಂದ ಹೊಸತರಲ್ಲಿ ಬೆಲ್ಜಿಯಂನಲ್ಲಿ ತಯಾರಾಗಿ ಆಮದಾಗುತ್ತಿತ್ತು, ಆಮೇಲೆ ಇಲ್ಲೇ ತಯಾರಾಗತೊಡಗಿತು. ಎರಡನೆಯದು ಆಲ್ಕೋಹಾಲಿನ ಪ್ರಮಾಣ. ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್ ಕ್ರಾಫ್ಟ್ ಅಲ್ಲ, ಆದರೆ ಇದಕ್ಕೆ ಅದರಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಅದೇ ಹೆಸರಿನ ಡ್ರಾಫ್ಟ್ ಎಂಬ ಬಗೆ 4.2 ಶೇಕಡಾ, ಫಾರಿನ್ ಎಕ್ಸ್‌ಟ್ರಾ 7.5. ನೈಜೀರಿಯದಲ್ಲಿ ಬಾರ್ಲಿಯ ಆಮದು ನಿಂತ ಕಾಲದಿಂದ ಅಲ್ಲಿಯ ಗಿನ್ನೆಸ್‌ಗೆ ಜೋಳ ಬಳಸುವುದು ರೂಢಿಯಾಯಿತು. ಬ್ರಿಟನ್ನಿನಲ್ಲಿ 2023ರ ಆಗಸ್ಟ್‌ನಿಂದ 3.5 ಶೇಕಡಾಕ್ಕಿಂತ ಕೆಳಗಿನ ಬಿಯರಿಗೆ ತೆರಿಗೆ ಕಡಿಮೆ. ಹಾಗಾಗಿ ಹೆಸರು ಅದೇ ಇಟ್ಟು 3.4ಕ್ಕೆ ಇಳಿಸಿದ ಬಿಯರುಗಳಿವೆ. ಸ್ವೀಡನ್ನಿನ ಸಾಮಾನ್ಯ ಅಂಗಡಿಗಳಲ್ಲಿ 3.5ರವರೆಗಿನದ್ದು ಮಾತ್ರ. ಅಂಕಿ ಬೇರೆಯಾದರೆ ಅದು ಬೇರೆಯೇ ಬಿಯರ್, ಹೋಲಿಸಿ ಪ್ರಯೋಜನ ಇಲ್ಲ. ನಮ್ಮ ಮುಂದಿದ್ದ ಪೇಲ್ ಏಲ್ ಮೂರರಲ್ಲೂ ಅಂಕಿ ಒಂದೇ, ಬ್ರೂವರಿಯೂ ಒಂದೇ.

ಉಳಿದದ್ದು ಬಿಯರ್ ತುಂಬಿಸಿದ ತಾರೀಕು. ಇಲ್ಲಿ ಎಡವುವವರೇ ಹೆಚ್ಚು. ಜರ್ಮನಿಯಿಂದ ಬಂದ ಬಾಟಲಿಯ ಮೇಲೆ 03/04 ಎಂದಿತ್ತು. ನಮ್ಮ ರೂಢಿಯಲ್ಲಿ ಓದಿದರೆ ಏಪ್ರಿಲ್ 3. ಆದರೆ ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಅದು ಮಾರ್ಚ್ 4. ಕೆಲವರು ವರ್ಷದ ಎಷ್ಟನೇ ದಿನ ಎಂದು ಮೂರು ಅಂಕಿ ಒತ್ತುತ್ತಾರೆ. 118 ಎಂದರೆ ಏಪ್ರಿಲ್ 28. ಇನ್ನು ಕೆಲವು ಬಿಯರಿನಲ್ಲಿ ತುಂಬಿಸಿದ ದಿನ ಇರುವುದೇ ಇಲ್ಲ, ಇಂಥ ದಿನದೊಳಗೆ ಬಳಸಿ ಎಂದಷ್ಟೇ ಇರುತ್ತದೆ. ಆಮದು ಮಾಡಿದವರ ಚೀಟಿ ಮೂಲ ತಾರೀಕಿನ ಮೇಲೆಯೇ ಅಂಟಿರುವುದೂ ಉಂಟು. ಅಬುಧಾಬಿಯ ಒಂದು ಅಂಗಡಿಯಿಂದ ತಂದ ಬಾಟಲಿ ಹಾಗೆಯೇ ಇತ್ತು. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಇಟ್ಟಾಗ ಚೀಟಿ ಬಿಟ್ಟಿತು. ಅಡಿಯಲ್ಲಿ ಹಿಂದಿನ ವರ್ಷದ ಜುಲೈ. ಸಿಂಗಾಪುರದ ಕ್ಯಾನಿನ ತಳದಲ್ಲಿ ಮಾರ್ಚ್ 25.

ಇದನ್ನೆಲ್ಲ ಓದಿದ್ದು, ಬರೆದುಕೊಂಡದ್ದು ತೋಟದ ಮನೆಯವನೊಬ್ಬನೇ. ಸುರಿಯುವವನೂ ಅವನೇ, ರುಚಿ ನೋಡುವವರು ಉಳಿದ ಮೂವರು. ಯಾವುದು ಎಲ್ಲಿಯದೆಂದು ಗೊತ್ತಿದ್ದರೆ ನಾಲಿಗೆ ಆ ಕಡೆಗೇ ವಾಲುತ್ತದೆ.

ವಿಧಾನ ಆಹಾರ ಪರೀಕ್ಷೆಯವರು ಬಳಸುವ ತ್ರಿಕೋನ ಪರೀಕ್ಷೆ. ಮೂರು ಲೋಟ ಇಡುವುದು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆ ಯಾವುದೆಂದು ಹೇಳಬೇಕು. ಯಾವುದು ಚೆನ್ನಾಗಿದೆ ಎಂಬುದು ಆಮೇಲಿನ ಮಾತು. ಎರಡು ಬಿಯರನ್ನು ಮೂರು ಲೋಟದಲ್ಲಿ ಇಡಲು ಸರಿಯಾಗಿ ಆರು ಕ್ರಮ ಇವೆ. ಮೂವರಿಗೆ ತಲಾ ಎರಡು ಸುತ್ತು ಎಂದರೆ ಆರೂ ಕ್ರಮ ಒಂದೊಂದು ಸಲ ಬಂದಂತಾಯಿತು. ಆಗ ಒಂದೊಂದು ಬಿಯರಿನಿಂದ ಒಂಬತ್ತು ಲೋಟ ಬೇಕು. 30 ಮಿಲಿಯ ಪೆಗ್ ಅಳತೆಯಲ್ಲಿ 270 ಮಿಲಿ, ಒಂದೇ ಬಾಟಲಿ ಧಾರಾಳ ಸಾಕು. ಒಬ್ಬೊಬ್ಬನ ಹೊಟ್ಟೆಗೆ ಹೋಗುವುದು ಒಂದು ಪರೀಕ್ಷೆಗೆ 180 ಮಿಲಿ, ಮೂರು ಪರೀಕ್ಷೆಗೆ 540. ಇದಕ್ಕಿಂತ ಹೆಚ್ಚಾದರೆ ನಾಲಿಗೆಯ ತೀರ್ಪನ್ನು ನಂಬುವಂತಿಲ್ಲ.

ಸುಮ್ಮನೆ ಊಹಿಸಿದರೂ ಆರರಲ್ಲಿ ಎರಡು ಸರಿ ಬರುವುದು ಸಹಜ. ನಾಲ್ಕೋ ಅದಕ್ಕಿಂತ ಹೆಚ್ಚೋ ಸರಿ ಬರುವುದು ಬರೇ ಅದೃಷ್ಟದಿಂದಲೂ ಹತ್ತರಲ್ಲಿ ಒಂದು ಸಲ ಆಗುತ್ತದೆ. ಐದಾದರೂ ಸರಿ ಬಂದರೆ ಮಾತ್ರ ನಿಜವಾಗಿ ವ್ಯತ್ಯಾಸ ಇದೆ ಎನ್ನಬಹುದು. ಅದು ಅದೃಷ್ಟದಿಂದ ಆಗುವುದು ನೂರರಲ್ಲಿ ಎರಡು ಸಲಕ್ಕೂ ಕಡಿಮೆ.

ಗಾಜಿನ ಲೋಟ ಇದಕ್ಕೆ ಆಗದು. ಹಳತಾದ ಬಿಯರಿನ ಬಣ್ಣ ಸ್ವಲ್ಪ ಕಂದಾಗಿರುತ್ತದೆ, ಕಣ್ಣು ಮೊದಲೇ ಹೇಳಿಬಿಡುತ್ತದೆ. ಪಾಯಸ ಕೊಡುವ ಸಣ್ಣ ಸ್ಟೀಲ್ ಲೋಟಗಳು ಒಳ್ಳೆಯದು, ಒಂದೇ ಅಳತೆಯ ಹದಿನೆಂಟು ಯಾವ ಮನೆಯಲ್ಲೂ ಸಿಗುತ್ತವೆ. ತಳಕ್ಕೆ ಚೀಟಿ ಅಂಟಿಸಿ ಮೂರಂಕಿಯ ಗುರುತು ಬರೆದರೆ ಆಯಿತು. 1, 2 ಎಂದೋ ಎ, ಬಿ ಎಂದೋ ಬರೆದರೆ ಮೊದಲನೆಯದೇ ಮೇಲೆಂಬ ಭಾವನೆ ಬರುತ್ತದೆ.

ಲೋಟ ತೊಳೆಯುವುದರಲ್ಲಿ ನಮ್ಮ ಕಡೆಯ ಅಡುಗೆಮನೆಗೆ ಒಂದು ವಿಶೇಷ ತೊಂದರೆ: ತೆಂಗಿನೆಣ್ಣೆ. ಕೈಗೆ, ಪಾತ್ರೆ ಉಜ್ಜುವ ನಾರಿಗೆ, ಒರೆಸುವ ಬೈರಾಸಿಗೆ ಅದರ ಪಸೆ ಇದ್ದೇ ಇರುತ್ತದೆ. ಜಿಡ್ಡು ಒಂದಿಷ್ಟು ತಾಗಿದರೂ ನೊರೆ ನಿಲ್ಲುವುದಿಲ್ಲ, ನೊರೆ ಇಲ್ಲದಿದ್ದರೆ ಪರಿಮಳ ಮೂಗಿಗೆ ಸರಿಯಾಗಿ ಬಾರದು. ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ತೊಳೆದು, ಬರೇ ನೀರಿನಲ್ಲಿ ಎರಡು ಸಲ ಜಾಲಾಡಿ, ಒರೆಸದೆ ಕವುಚಿ ಆರಲು ಬಿಡಬೇಕು. ಇದೇ ಕಾರಣಕ್ಕೆ ನೇಂದ್ರ ಚಿಪ್ಸ್ ಎಲ್ಲ ಮುಗಿದ ಮೇಲೆ. ನಡುವೆ ಬಾಯಿಗೆ ಸಪ್ಪೆ ಬ್ರೆಡ್ಡಿನ ತುಂಡು, ಕುದಿಸಿ ಆರಿಸಿದ ನೀರು. ಜೀರಿಗೆ ಹಾಕಿದ ನೀರಾಗದು.

ವಾಸನೆಯ ಬಗ್ಗೆಯೂ ಎಚ್ಚರ ಬೇಕು. ಮೇ ಎಂದರೆ ಹಲಸಿನ ಕಾಲ, ಚಾವಡಿಯ ಮೂಲೆಯಲ್ಲಿ ಹಣ್ಣಾದ ಹಲಸು ಇದ್ದರೆ ಗೋಧಿ ಬಿಯರಿನ ಪರೀಕ್ಷೆ ಕೆಟ್ಟಂತೆಯೇ. ಆ ಬಿಯರಿಗೆ ಹಣ್ಣು ಬಾಳೆಯ ಘಮ ಬರುವುದು ಯೀಸ್ಟ್ ಹುಟ್ಟಿಸುವ ಎಸ್ಟರ್ ಎಂಬ ಘಮದ ವಸ್ತುವಿನಿಂದ. ಹಲಸಿನ ಘಮವೂ ಎಸ್ಟರುಗಳದ್ದೇ. ಹಣ್ಣು ಹಟ್ಟಿಯ ಕಡೆಗೆ ಹೋಯಿತು, ಊದುಬತ್ತಿ ಸಂಜೆಗೆ ಮುಂದೆ ಹೋಯಿತು.

ಬಾಟಲಿಗಳು ಹಿಂದಿನ ದಿನದಿಂದಲೇ ಫ್ರಿಜ್ಜಿನಲ್ಲಿ ನಿಂತಿದ್ದವು, ಮಲಗಿಸಿದರೆ ತಳದ ಯೀಸ್ಟ್ ಕದಡುತ್ತದೆ. ಪೇಲ್ ಏಲ್‌ನ ರುಚಿ ಬಿಚ್ಚಿಕೊಳ್ಳುವುದು 8ರಿಂದ 10 ಡಿಗ್ರಿಯಲ್ಲಿ. ಆದರೆ ಮೇ ತಿಂಗಳ ಸೆಕೆಯಲ್ಲಿ 30 ಮಿಲಿ ಬಿಯರ್ ಬಿಸಿಯಾಗಲು ಎಷ್ಟು ಹೊತ್ತು ಬೇಕು? ಲೋಟಗಳನ್ನೂ ಪೆಗ್ ಅಳತೆಯನ್ನೂ ಫ್ರಿಜ್ಜಿನಲ್ಲಿ ತಣಿಸಿ, ಬಿಯರನ್ನು 5 ಡಿಗ್ರಿಯಲ್ಲಿ ಸುರಿದರೆ ಬಾಯಿಗೆ ಬರುವ ಹೊತ್ತಿಗೆ ಸರಿಯಾಗುತ್ತದೆ. ಗೋಧಿ ಬಿಯರಿಗೆ ಇನ್ನೊಂದು ಕ್ರಮ: ಮುಕ್ಕಾಲು ಭಾಗ ಜಗ್ಗಿಗೆ ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ಮೆಲ್ಲ ತಿರುಗಿಸಿ ತಳದ ಯೀಸ್ಟನ್ನೂ ಸೇರಿಸಬೇಕು. ಇಲ್ಲದಿದ್ದರೆ ಮೊದಲ ಲೋಟ ತಿಳಿ, ಕೊನೆಯದು ಮಡ್ಡಿ. ಒಂದೇ ಬಾಟಲಿಯೊಳಗೇ ಎರಡು ಬಿಯರ್ ಆಗುತ್ತದೆ.

ಮೊದಲ ಪರೀಕ್ಷೆ ಜರ್ಮನಿಯ ಪೇಲ್ ಏಲ್ ಮತ್ತು ಅಬುಧಾಬಿಯದ್ದು. ಆರಕ್ಕೆ ಆರೂ ಸರಿ. ಬಾಯಿಗೆ ಇಡುವ ಮೊದಲೇ ಮೂಗು ಹೇಳುತ್ತಿತ್ತು. ಒಂದರಲ್ಲಿ ಚಕ್ಕೋತದ ಸಿಪ್ಪೆ ಚಿವುಟಿದ ಘಮ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ (ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವು) ತಳಿಯಿಂದ ಅಲ್ಲಿಯ ಪೇಲ್ ಏಲ್‌ಗಳಿಗೆ ಬಂದ ಗುರುತು ಇದು. ಇನ್ನೊಂದರಲ್ಲಿ ಆ ಘಮ ಹೋಗಿ ಕಾಯಿಸಿದ ಬೆಲ್ಲದ, ಹಳೆ ಜೇನಿನ ಸಿಹಿ ಉಳಿದಿತ್ತು. ಕೊನೆಗೆ ಒದ್ದೆಯಾದ ರಟ್ಟಿನ ವಾಸನೆ. ಕಹಿ ಇತ್ತು, ಆದರೆ ಬಾಯಲ್ಲಿ ಗರಗರ ಉಳಿಯುವ ಜಾತಿಯದ್ದು. ಬಿಯರ್ ಹಳತಾಗುವಾಗ ಮೊದಲು ಹೋಗುವುದು ಹಾಪ್‌ನ ಪರಿಮಳ, ಆಮೇಲೆ ಬರುವುದು ರಟ್ಟು. ಒಳಗೆ ಉಳಿದ ಮತ್ತು ಮುಚ್ಚಳದ ಸಂದಿನಿಂದ ನುಸುಳುವ ಆಮ್ಲಜನಕ ಕಾರಣ, ಶಾಖ ಅದಕ್ಕೆ ವೇಗ ಕೊಡುತ್ತದೆ. 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ: ಈ ಮೂರರಲ್ಲೂ ಬಿಯರ್ ಹೆಚ್ಚುಕಡಿಮೆ ಒಂದೇ ಅಳತೆಗೆ ಹಳತಾಗುತ್ತದೆ ಎಂಬುದು ಬಿಯರ್ ಮಾಡುವವರ ಕೈಲೆಕ್ಕ. ಹತ್ತು ತಿಂಗಳಲ್ಲಿ ಗಲ್ಫಿನ ಒಂದು ಬೇಸಗೆಯನ್ನೂ ದಾಟಿ ಬಂದ ಬಾಟಲಿಯಲ್ಲಿ ಉಳಿದದ್ದೇ ದೊಡ್ಡದು.

"ನೋಡು, ಜರ್ಮನಿಯದ್ದೇ ಮೇಲೆಂದು ಹೇಳಲಿಲ್ಲವಾ ಭಾವ?" ಎಂಬ ಮಾತು ಬಂದೇ ಬಂತು. ಅದಕ್ಕೆ ಉತ್ತರ ಎರಡನೆಯ ಪರೀಕ್ಷೆ: ಜರ್ಮನಿಯ ಬಾಟಲಿ, ಸಿಂಗಾಪುರದ ಕ್ಯಾನ್. ಆರಕ್ಕೆ ಎರಡು ಸರಿ. ಅಂದರೆ ಕಣ್ಣು ಮುಚ್ಚಿ ಬೆರಳಿಟ್ಟಷ್ಟೇ. ಎರಡರ ತಾರೀಕಿಗೆ ಮೂರೇ ವಾರದ ಅಂತರ. ಒಂದು ಗಾಜು, ಒಂದು ಅಲ್ಯೂಮಿನಿಯಂ; ಒಂದು ತಣ್ಣಗಿನ ದೇಶದಲ್ಲಿ ಕೊಂಡದ್ದು, ಒಂದು ನಮ್ಮಂತೆಯೇ ಬೆವರುವ ಊರಿನದ್ದು. ಮೂವರಿಗೂ ವ್ಯತ್ಯಾಸ ಸಿಗಲಿಲ್ಲ. ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳಿಗೂ ಸಂಜೆಯದಕ್ಕೂ ಇರುವ ಅಂತರ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೆ ಯಾರೂ ಮರ ಇರುವ ಊರಿನ ಹೆಸರು ಹೇಳುವುದಿಲ್ಲ. ಬಾಟಲಿಗೆ ಮುಚ್ಚಳ ಬಿದ್ದ ಕೂಡಲೇ ಆ ತಿಳಿವಳಿಕೆ ಮರೆತು ದೇಶದ ಮಾತು ಬರುತ್ತದೆ.

ಗೋಧಿ ಬಿಯರ್ ಆರಕ್ಕೆ ನಾಲ್ಕು. ವ್ಯತ್ಯಾಸ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಒಂದರಲ್ಲಿ ಬಾಳೆಹಣ್ಣು ಸ್ವಲ್ಪ ಕಡಿಮೆ, ಲವಂಗದ ಖಾರ ಮುಂದೆ ಎಂದು ಇಬ್ಬರು ಬರೆದಿದ್ದರು. ಇನ್ನೊಂದು ಜೊತೆ ಇದ್ದಿದ್ದರೆ ಮತ್ತೆ ಆರು ಸುತ್ತು ಮಾಡಿ ನೋಡಬೇಕಿತ್ತು.

ಮಧ್ಯಾಹ್ನ ಬೆಳಕಿನ ಪ್ರಯೋಗ. ಇದನ್ನು ಯಾರೂ ಮನೆಯಲ್ಲೇ ಮಾಡಬಹುದು, ಮಾಡಲೇಬೇಕು. ಪೇಲ್ ಏಲ್‌ನ ಒಂದೇ ಕ್ಯಾನನ್ನು ಎರಡು ಗಾಜಿನ ಲೋಟಕ್ಕೆ ಹಂಚಿ, ಒಂದನ್ನು ತಟ್ಟೆ ಮುಚ್ಚಿ ಅಂಗಳದ ಬಿಸಿಲಲ್ಲಿ ಹದಿನೈದು ನಿಮಿಷ, ಇನ್ನೊಂದನ್ನು ಅಷ್ಟೇ ಹೊತ್ತು ಒಳಗೆ ಕತ್ತಲೆಯಲ್ಲಿ ಇಟ್ಟು, ಆಮೇಲೆ ಎರಡನ್ನೂ ಮತ್ತೆ ತಣಿಸಿ ಮೂಸಬೇಕು. ಬಿಸಿಲಿನದ್ದಕ್ಕೆ ಸುಟ್ಟ ರಬ್ಬರಿನ ಹಾಗೆ, ಕಾಡುಪ್ರಾಣಿಯ ಮೈವಾಸನೆಯ ಹಾಗೆ ಒಂದು ನಾತ ಹಿಡಿದಿತ್ತು. ಹಾಪ್‌ನ ಕಹಿ ಕೊಡುವ ವಸ್ತು ಬೆಳಕಿಗೆ ಒಡೆದು, ಗಂಧಕ ಸೇರಿದ ಒಂದು ಸಂಯುಕ್ತವಾಗುತ್ತದೆ. ಅತಿ ಸಣ್ಣ ಪ್ರಮಾಣದಲ್ಲಿದ್ದರೂ ಮೂಗಿಗೆ ಸಿಗುತ್ತದೆ. ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ. ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ ಎಂದೇ ಹೇಳಬೇಕು. ಹಸಿರು ಬಾಟಲಿಯ ಬಿಯರಿಗೆ "ವಿದೇಶದ ರುಚಿ" ಎಂದು ಕೆಲವರು ಮೆಚ್ಚುವುದು ಎಷ್ಟೋ ಸಲ ಈ ನಾತವನ್ನೇ. ಅಂಗಡಿಯಲ್ಲಿ ದೀಪದ ಹತ್ತಿರ ಮುಂದಿನ ಸಾಲಿನಲ್ಲಿ ನಿಂತದ್ದನ್ನು ಬಿಟ್ಟು ಹಿಂದಿನದನ್ನು, ಸಾಧ್ಯವಾದರೆ ಪೆಟ್ಟಿಗೆಯಿಂದಲೇ ತೆಗೆದದ್ದನ್ನು ಕೇಳುವುದು ಒಳ್ಳೆಯದು.

ಮುಂದಿನ ರಜೆಗೆ ತರುವವರಿಗೆ ಹೇಳಿ ಕಳಿಸಿದ್ದು ಇಷ್ಟು: ಕೊಳ್ಳುವ ಮೊದಲು ತಳದ ತಾರೀಕಿನ ಫೋಟೋ ತೆಗೆದು ಕಳಿಸಿ, ಜೊತೆಗೆ ತಯಾರಾದ ಜಾಗದ ಸಣ್ಣ ಅಕ್ಷರದ ಫೋಟೋ. ತಾರೀಕುಗಳಿಗೆ ಒಂದು ತಿಂಗಳಿಗಿಂತ ಹೆಚ್ಚು ಅಂತರ ಇದ್ದರೆ ಬೇರೆ ಅಂಗಡಿ ನೋಡಿ. ಹಾಪ್ ಹೆಚ್ಚಿರುವ ಬಿಯರ್ ಆರು ತಿಂಗಳು ದಾಟಿದ್ದರೆ ಬೇಡವೇ ಬೇಡ. ಸ್ಟೌಟ್‌ನಂಥ ಗಟ್ಟಿ ಕಪ್ಪು ಬಿಯರಿಗೆ ಅಷ್ಟು ಅವಸರ ಇಲ್ಲ.

ಸಿಂಗಾಪುರದ ಕ್ಯಾನುಗಳಲ್ಲಿ ಒಂದೇ ತಾರೀಕಿನ ಎರಡು ಹಾಗೇ ಉಳಿದಿವೆ. ಒಂದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಇನ್ನೊಂದು ಹೆಂಚಿನ ಕೆಳಗೆ ಅಟ್ಟದಲ್ಲಿ, ಅಡಿಕೆ ಗೋಣಿಗಳ ಪಕ್ಕ. ಎರಡಕ್ಕೂ ಗುರುತಿನ ಚೀಟಿ ಅಂಟಿಸಿಯಾಗಿದೆ. ತೆರೆಯುವುದು ಸೋಣ (ಆಗಸ್ಟ್-ಸೆಪ್ಟೆಂಬರ್) ತಿಂಗಳಲ್ಲಿ.