ಹುಲಿಯನ ಹಿಂದೆ ಒಂಬತ್ತು ತಿಂಗಳು

ಮೊನ್ನೆ ಭಾನುವಾರ ರಾತ್ರಿ ಹತ್ತೂಕಾಲಿಗೆ ನಾವು ಐದು ಜನ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸಿದೆವು. ಶುರು ಮಾಡಿದ್ದು ಕಳೆದ ಜೂನ್‌ನಲ್ಲಿ. ಕೊನೆಯ ಪುಟ ಓದುವ ಸರದಿ ನನ್ನದಾಗಿತ್ತು. ಓದಿ ನಿಲ್ಲಿಸಿದ ಮೇಲೂ ಯಾರೂ ಫೋನ್ ಇಡಲಿಲ್ಲ. ಯಾರದೋ ಮನೆಯ ಫ್ಯಾನ್ ಸದ್ದು ಎಲ್ಲರಿಗೂ ಕೇಳುತ್ತಿತ್ತು, ಅಷ್ಟೇ.

ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ಡಿಗ್ರಿ ಕೊನೆಯ ವರ್ಷದ ರಜೆಯಲ್ಲಿ. ನಾಲ್ಕೇ ದಿನಕ್ಕೆ ಮುಗಿಸಿದ್ದೆ. 700ಕ್ಕೂ ಹೆಚ್ಚು ಪುಟ. ಆಮೇಲೆ ನೆನಪಿನಲ್ಲಿ ಉಳಿದದ್ದು ಹುಲಿಯ ಅನ್ನುವ ಒಂದು ನಾಯಿ, ಬಿಡದೆ ಸುರಿಯುವ ಮಳೆ, ಒಂದು ಓಡಿಹೋಗುವ ಮದುವೆ. ಮದುಮಗಳು ಯಾರು ಅಂತ ಕೇಳಿದ್ದರೆ ಚಿನ್ನಮ್ಮ ಅಂತ ಥಟ್ಟನೆ ಹೇಳುತ್ತಿದ್ದೆ. ಆ ನಾಯಿಯ ಒಡೆಯ ಗುತ್ತಿ ಮದುವೆಯಾಗಬಯಸುವ ತಿಮ್ಮಿ ನೆನಪಾಗುತ್ತಿರಲಿಲ್ಲ. ಪೀಂಚಲು ಅನ್ನುವ ಹೆಸರೇ ಮರೆತುಹೋಗಿತ್ತು. ಈ ಸಲ ನನಗೆ ಸಿಕ್ಕಿದ್ದು ಮುಖ್ಯವಾಗಿ ಅವರಿಬ್ಬರೇ.

ನಮ್ಮ ಓದು ನಡೆದದ್ದು ಹೀಗೆ. ವಾರಕ್ಕೆ ಇಪ್ಪತ್ತು ಪುಟ, ಜಾಸ್ತಿ ಇಲ್ಲ. ವಾರದಲ್ಲಿ ಅವರವರ ಪಾಡಿಗೆ ಓದಿಕೊಳ್ಳುವುದು, ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಸೇರುವುದು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬಳು ತೀರ್ಥಹಳ್ಳಿಯ ಹತ್ತಿರ ತನ್ನ ತಾಯಿಯ ಜೊತೆ, ಒಬ್ಬ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ದುಬೈನಲ್ಲಿ. ಮೊದಲ ಹತ್ತು ಹದಿನೈದು ನಿಮಿಷ ಯಾರಾದರೂ ಒಬ್ಬರು ತಮಗೆ ಇಷ್ಟವಾದ ಭಾಗವನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಮಾತು. ಮುಂದಿನ ಪುಟಗಳ ವಿಷಯ ಬಾಯಿಬಿಡಬಾರದು. ಒಬ್ಬೊಬ್ಬರ ಹತ್ತಿರ ಒಂದೊಂದು ಮುದ್ರಣದ ಪುಸ್ತಕ, ಪುಟದ ಸಂಖ್ಯೆ ಹೇಳಿದರೆ ಹೊಂದುತ್ತಿರಲಿಲ್ಲ. ಹಾಗಾಗಿ ‘ಆ ಇಂಬಳ (ಜಿಗಣೆ) ಹತ್ತುತ್ತಲ್ಲ, ಅದರ ಕೆಳಗೆ’ ಅಂತ ಹೇಳಿಕೊಂಡು ಜಾಗ ಹುಡುಕುತ್ತಿದ್ದೆವು.

ನಾನು ಮಂಡ್ಯ ಕಡೆಯವಳು. ಮಳೆ ಅಂದರೆ ನಮಗೆ ಕಾಯುವ ವಸ್ತು. ತಿಂಗಳುಗಟ್ಟಲೆ ಸುರಿಯುವ ಮಳೆ, ಅದರೊಳಗೇ ನಡೆಯುವ ಗದ್ದೆ ಕೆಲಸ, ಕಂಬಳಿ ಕೊಪ್ಪೆ, ಸರಲು, ಹಳು, ಇವೆಲ್ಲ ನನಗೆ ಬರೀ ಶಬ್ದಗಳು. ಮೊದಲ ಸಲ ಇಂಥ ಶಬ್ದ ಬಂದಾಗಲೆಲ್ಲ ಅಂದಾಜಿನ ಮೇಲೆ ದಾಟಿಬಿಟ್ಟಿದ್ದೆ. ಈ ಸಲ ದಾಟಲು ಆಗಲಿಲ್ಲ, ಯಾಕೆಂದರೆ ಹುಬ್ಬಳ್ಳಿಯ ಗೆಳೆಯ ಬಿಡುತ್ತಲೇ ಇರಲಿಲ್ಲ. ಒಂದು ವಾರ ‘ಗೊರಬು ಅಂದ್ರ ಏನು?’ ಅಂತ ಕೇಳಿದ. ನಾನು ಛತ್ರಿ ಥರದ್ದು ಅಂದೆ. ತೀರ್ಥಹಳ್ಳಿಯ ಗೆಳತಿಯ ಫೋನಿನ ಹಿಂದಿನಿಂದ ಅವಳ ಅಮ್ಮನ ದನಿ ಬಂತು. ‘ಛತ್ರಿ ಹಿಡ್ಕೊಂಡು ಸಸಿ ನೆಡೋಕ್ಕಾಗುತ್ತೇನೆ ಮಾರಾಯ್ತಿ?’

ಆಮೇಲೆ ಅಮ್ಮನೇ ಫೋನಿನ ಮುಂದೆ ಬಂದು ಕೂತರು. ಬಿದಿರಿನ ಕಡ್ಡಿಗಳನ್ನು ಹೆಣೆದು, ನಡುವೆ ಎಲೆ ತುಂಬಿ ಮಾಡುವುದಂತೆ. ತಲೆಯಿಂದ ಸೊಂಟದವರೆಗೆ ಬೆನ್ನ ಮೇಲೆ ದೋಣಿ ಕವುಚಿದ ಹಾಗೆ ಕೂರುತ್ತದೆ. ಬಗ್ಗಿ ನೆಡುವಾಗ ಮಳೆ ಬೆನ್ನ ಮೇಲಿನಿಂದ ಇಳಿದು ಹೋಗುತ್ತದೆ, ಎರಡೂ ಕೈ ಸಸಿಗೆ ಬಿಡುವಾಗಿರುತ್ತವೆ. ಅವರು ಎದ್ದು ನಿಂತು, ಸೊಂಟ ಬಗ್ಗಿಸಿ, ಎಡಗೈಯಲ್ಲಿ ಸಸಿಕಟ್ಟು ಹಿಡಿದ ಹಾಗೆ ಮಾಡಿ, ಬಲಗೈಯ ಮೂರು ಬೆರಳಿನಲ್ಲಿ ನೆಲ ಚುಚ್ಚಿ ತೋರಿಸಿದರು. ಮುಖ ಕಾಣುತ್ತಿರಲಿಲ್ಲ, ಆ ಬೆರಳುಗಳು ಮಾತ್ರ ಕಾಣುತ್ತಿದ್ದವು. ಅವತ್ತಿನಿಂದ ಭಾನುವಾರದ ಮಾತಿಗೆ ಅಮ್ಮ ಆರನೆಯವರಾದರು. ಪುಸ್ತಕ ಓದುವುದಿಲ್ಲ, ನಾವು ಓದಿದ್ದನ್ನು ಕೇಳುತ್ತಾರೆ.

ಸೇರೆಗಾರ ಅನ್ನುವ ಮಾತಿನ ಹಿಂದೆ ಎಷ್ಟು ಬದುಕು ಇದೆ ಅನ್ನುವುದು ಗೊತ್ತಾದದ್ದೂ ಅಮ್ಮನಿಂದಲೇ. ಘಟ್ಟದ ಕೆಳಗಿನಿಂದ ಆಳುಗಳನ್ನು ಒಟ್ಟುಮಾಡಿ ಮಲೆನಾಡಿನ ಮನೆಗಳಿಗೆ ಕೆಲಸಕ್ಕೆ ಕರೆತರುವವನು ಸೇರೆಗಾರ. ಕಾದಂಬರಿಯ ಚೀಂಕ್ರ ಅಂಥವನು. ಐತ, ಪೀಂಚಲು ಹಾಗೆ ಬಂದವರು. ಊರು ಬಿಟ್ಟು, ಘಟ್ಟ ಹತ್ತಿ, ಇನ್ನೊಬ್ಬರ ತೋಟದಂಚಿನ ಗುಡಿಸಲಿನಲ್ಲಿ ಸಂಸಾರ ಹೂಡಿದ ಎಳೆಯ ಗಂಡ ಹೆಂಡತಿ. ದುಬೈನ ಗೆಳೆಯ ಅವತ್ತು ತುಂಬಾ ಹೊತ್ತು ಮಾತಾಡಿದ. ಅವನನ್ನು ಅಲ್ಲಿಗೆ ಕೆಲಸಕ್ಕೆ ಕರೆದುಕೊಂಡು ಹೋದವನ ಕಥೆ, ಮೊದಲ ವರ್ಷದ ಸಂಬಳದಲ್ಲಿ ಅರ್ಧ ಯಾರ ಕೈಗೆ ಹೋಯಿತು ಅನ್ನುವ ಕಥೆ. ಹತ್ತು ವರ್ಷದ ಸ್ನೇಹದಲ್ಲಿ ಅವನು ಇದನ್ನು ಹೇಳಿರಲಿಲ್ಲ.

ಬೀಸೆಕಲ್ಲಿನ ಭಾಗ ಬಂದ ವಾರ ಮಾತ್ರ ಬರೀ ನಗು. ಪಾದ್ರಿಯ ಬೈಸಿಕಲ್ಲು ಆ ಊರಿನವರ ಬಾಯಲ್ಲಿ ಬೀಸೆಕಲ್ಲು ಆಗುತ್ತದಲ್ಲ, ಅದನ್ನು ಹುಬ್ಬಳ್ಳಿಯವನು ಓದಿದ ರೀತಿಗೆ ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ಕಥೆಯ ಕಾಲ 19ನೇ ಶತಮಾನದ ಕೊನೆ. ವಿವೇಕಾನಂದರು 1893ರಲ್ಲಿ ಚಿಕಾಗೋದಲ್ಲಿ ಮಾತಾಡಿದ ಸಂಗತಿ ಕೂಡ ಈ ಕಾಡಿನ ಕಥೆಯೊಳಗೆ ಬರುತ್ತದೆ. ದೂರದ ದೊಡ್ಡ ಲೋಕಕ್ಕೂ ಗುತ್ತಿಯ ಕಂಬಳಿಗೂ ಕುವೆಂಪು ಒಂದೇ ಗಮನ ಕೊಡುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಪುಸ್ತಕದ ಬಾಗಿಲಲ್ಲೇ ಅವರು ಹೇಳಿಬಿಟ್ಟಿದ್ದಾರೆ. ಕಾಲೇಜಿನಲ್ಲಿ ಅದನ್ನು ಭಾಷಣಕ್ಕೆ ಉರುಹೊಡೆದವರಲ್ಲಿ ನಾನೂ ಒಬ್ಬಳು. ಅದು ಓದುಗರಿಗೆ ಕೊಟ್ಟ ಕೆಲಸ ಅಂತ ಆಗ ಹೊಳೆದಿರಲಿಲ್ಲ.

ಆ ಕೆಲಸ ಎಷ್ಟು ಕಷ್ಟ ಅಂತ ಗೊತ್ತಾದದ್ದು ಗಟ್ಟಿಯಾಗಿ ಓದುವಾಗ. ಗುತ್ತಿ ಜೀತದಾಳು, ಹೊಲೆಯರ ಹುಡುಗ. ಯಾವಾಗಲೂ ನಾಯಿ ಜೊತೆಗಿರುವುದರಿಂದ ನಾಯಿಗುತ್ತಿ ಅಂತಲೇ ಹೆಸರು. ಗೌಡರು, ಹೆಗ್ಗಡೆಯವರು ಅವನನ್ನು ಮಾತಾಡಿಸುವ ಭಾಷೆ ಇದೆಯಲ್ಲ, ಅದನ್ನು ಕಣ್ಣಿನಲ್ಲಿ ಓದುವಾಗ ಹೇಗೋ ಜಾರಿಕೊಂಡು ಮುಂದೆ ಹೋಗಿಬಿಡಬಹುದು. ಬಾಯಿಂದ ಹೇಳುವಾಗ ಆಗುವುದಿಲ್ಲ. ಒಂದು ಭಾನುವಾರ ಬೆಂಗಳೂರಿನ ಗೆಳತಿ ಅಂಥ ಒಂದು ಬೈಗುಳದ ಹತ್ತಿರ ನಿಂತುಬಿಟ್ಟಳು. ‘ನನ್ನ ಬಾಯಲ್ಲಿ ಇದು ಬೇಡ’ ಅಂದಳು. ಹುಬ್ಬಳ್ಳಿಯವನು ‘ಓದು, ನಮ್ಮಜ್ಜ ದಿನಾ ಕೇಳಿಸಿಕೊಂಡಾನ, ನೀ ಒಂದು ಸಲ ಅಂದರ ಏನಾಗತದ’ ಅಂದ. ಅವಳು ಓದಿದಳು. ದನಿ ಸಣ್ಣದಾಗಿತ್ತು. ಆ ರಾತ್ರಿ ಇಪ್ಪತ್ತು ಪುಟದಲ್ಲಿ ಮೂರು ಪುಟ ಆಯಿತು. ಉಳಿದ ಹೊತ್ತೆಲ್ಲ ಅವನು ಮಾತಾಡಿದ, ನಾವು ಕೇಳಿದೆವು. ಅವನ ಮನೆಯ ಮಾತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಜಗಳ ಆಗಿದ್ದೂ ಉಂಟು. ನಾಗಕ್ಕನ ವಿಷಯಕ್ಕೆ ದೊಡ್ಡ ಜಗಳ. ಎಳೆ ವಯಸ್ಸಿನಲ್ಲೇ ಗಂಡ ಸತ್ತವಳು, ಅತ್ತೆ ನಾಗತ್ತೆ ಅವಳನ್ನು ವೆಂಕಟಣ್ಣನ ಕಡೆಗೆ ತಳ್ಳುವ ರೀತಿ ಓದುವಾಗ ಮೈ ಉರಿಯುತ್ತದೆ. ಆಮೇಲಾಮೇಲೆ ನಾಗಕ್ಕ ಆ ಮನೆಯಲ್ಲಿ ನಿಲ್ಲುವ ಬಗೆಯನ್ನು ಸೋಲು ಅಂತ ನಾನು, ಅಲ್ಲ ಅಂತ ತೀರ್ಥಹಳ್ಳಿಯ ಗೆಳತಿ. ಎರಡು ವಾರ ನಡೆಯಿತು. ಅಮ್ಮ ಸುಮ್ನೆ ಕೇಳುತ್ತಿದ್ದವರು ಕೊನೆಗೆ ‘ಅವಳಿಗೆ ಹೋಗೋಕೆ ಜಾಗ ಎಲ್ಲಿತ್ತೆ?’ ಅಂತ ಒಂದೇ ಪ್ರಶ್ನೆ ಕೇಳಿದರು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ನಾಗಕ್ಕನ ಬಗ್ಗೆ ಮಾತಾಡುವಾಗ ಈಗ ದನಿ ತಗ್ಗಿಸುತ್ತೇನೆ.

ಪೀಂಚಲು ಬಗ್ಗೆ ಹೇಳಲೇಬೇಕು. ಚಿನ್ನಮ್ಮ ಬೇಡದ ಮದುವೆಯಿಂದ ರಾತ್ರೋರಾತ್ರಿ ತಪ್ಪಿಸಿಕೊಳ್ಳುವಾಗ ಜೊತೆಗೆ ಇರುವವಳು ಪೀಂಚಲು. ಬೇಗ ಓದಿದಾಗ ಕಣ್ಣು ಚಿನ್ನಮ್ಮನ ಮೇಲೆ, ಮುಕುಂದಯ್ಯನ ಮೇಲೆ ಇತ್ತು. ಅವರು ಸೇರುತ್ತಾರೋ ಇಲ್ಲವೋ ಅನ್ನುವುದೊಂದೇ ಆತುರ. ವಾರಕ್ಕೆ ಇಪ್ಪತ್ತೇ ಪುಟ ಅಂದಾಗ ಆ ಕತ್ತಲೆಯಲ್ಲಿ, ಆ ಕಾಡಿನಲ್ಲಿ ನಾವು ಒಂದು ವಾರ ಪೂರ್ತಿ ಇರಬೇಕಾಯಿತು. ದಾರಿ ಗೊತ್ತಿರುವುದು ಯಾರಿಗೆ, ಧೈರ್ಯ ಹೇಳುವುದು ಯಾರು, ಸಿಕ್ಕಿಬಿದ್ದರೆ ಜಾಸ್ತಿ ಪೆಟ್ಟು ತಿನ್ನುವುದು ಯಾರು ಅಂತ ಯೋಚಿಸಲು ಏಳು ದಿನ ಸಿಕ್ಕಿತು. ಆಫೀಸಿನ ಬಸ್ಸಿನಲ್ಲಿ ಕೂತು ನಾನು ಪೀಂಚಲು ಬಗ್ಗೆ ಚಿಂತೆ ಮಾಡಿದ್ದೇನೆ.

ನವೆಂಬರ್‌ನಲ್ಲಿ ಮೂರು ವಾರ ಓದು ನಿಂತಿತ್ತು. ಬೆಂಗಳೂರಿನ ಗೆಳತಿಯ ಅಪ್ಪ ಆಸ್ಪತ್ರೆಯಲ್ಲಿದ್ದರು. ಅವಳಿಲ್ಲದೆ ಮುಂದೆ ಹೋಗುವುದು ಬೇಡ ಅಂತ ಎಲ್ಲರಿಗೂ ಅನ್ನಿಸಿತು, ಯಾರೂ ಯಾರನ್ನೂ ಕೇಳಲಿಲ್ಲ. ಒಂದು ದಿನ ಬೆಳಗಿನ ಜಾವ ಅವಳಿಂದ ಮೆಸೇಜ್ ಬಂತು. ‘ಗುತ್ತಿ ಈಗ ಎಲ್ಲಿದ್ದಾನೆ?’ ನಾನು ಬರೆದೆ, ‘ನೀನು ಬಿಟ್ಟಲ್ಲೇ ಇದ್ದಾನೆ. ಹುಲಿಯನೂ ಇದ್ದಾನೆ. ನೀನು ಬಂದಮೇಲೇ ಹೊರಡೋದು.’

ಹುಲಿಯನ ಕಥೆಯನ್ನು ಒಬ್ಬರು ಮೊದಲೇ ಬಾಯಿಬಿಟ್ಟರು. ದುಬೈನವನು ಒಂದು ರಜಾದಿನ ತಡೆಯಲಾರದೆ ಕೊನೆಯವರೆಗೂ ಓದಿಬಿಟ್ಟಿದ್ದ. ಆ ಭಾನುವಾರ ಹುಲಿಯನ ಹೆಸರು ಬಂದಾಗ ಅವನ ದನಿ ಬದಲಾಯಿತು, ಅಷ್ಟರಲ್ಲೇ ನಮಗೆ ಅರ್ಥವಾಯಿತು. ಇನ್ನೂ ಓದದವರಿಗಾಗಿ ತುಂಗೆ ತುಂಬಿ ಹರಿಯುವ ಆ ರಾತ್ರಿಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಮೊದಲ ಓದಿನಿಂದ ನನಗೂ ಗೊತ್ತಿತ್ತು. ಗೊತ್ತಿದ್ದೂ, ಒಂಬತ್ತು ತಿಂಗಳು ಅವನ ಹಿಂದೆ ನಡೆದ ಮೇಲೆ ಆ ಪುಟಗಳನ್ನು ಓದುವುದು ಬೇರೆಯೇ.

2010ರಲ್ಲಿ ಮೈಸೂರಿನ ರಂಗಾಯಣ ಈ ಕಾದಂಬರಿಯನ್ನು ನಾಟಕ ಮಾಡಿತು. ಸಿ. ಬಸವಲಿಂಗಯ್ಯನವರ ನಿರ್ದೇಶನ, ರಾತ್ರಿಯಿಡೀ ಸುಮಾರು ಒಂಬತ್ತು ಗಂಟೆಯ ಆಟ. ಆಮೇಲೆ ಅದು ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಕಲಾಗ್ರಾಮದಲ್ಲಿ ನೋಡಿದ ಗೆಳತಿ, ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತಾ, ಚಳಿಯಲ್ಲಿ ಶಾಲು ಹೊದ್ದು, ಬೆಳಗಾಗುವವರೆಗೂ ನೋಡಿದ್ದನ್ನು ಹೇಳಿದಳು. ನಾನು ನೋಡಿಲ್ಲ. ಆ ಹೊಟ್ಟೆಯುರಿ ಹಾಗೇ ಇದೆ.

ಹೀಗೆ ಸೇರಿ ಓದುವುದು ನಮಗೆ ಹೊಸದೇನಲ್ಲ ಅಲ್ವಾ. ನಮ್ಮಜ್ಜನ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಗುಡಿಯ ಜಗಲಿಯಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರಂತೆ, ಓದಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ. ಒಬ್ಬರು ರಾಗವಾಗಿ ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅಕ್ಷರ ಬಾರದ ಅಜ್ಜಿಗೆ ಕೀಚಕನ ಪ್ರಸಂಗ ಪೂರ್ತಿ ಗೊತ್ತಿತ್ತು, ದ್ರೌಪದಿ ಭೀಮನನ್ನು ಎಬ್ಬಿಸುವ ಕಡೆ ಬಂದರೆ ಅಡುಗೆ ಸೌಟು ಹಿಡಿದುಕೊಂಡೇ ಹೇಳುತ್ತಿದ್ದಳು. ಅಮ್ಮ ಫೋನಿನ ಹಿಂದೆ ಕೂತು ಕೇಳುವಾಗೆಲ್ಲ ನನಗೆ ಅಜ್ಜಿಯದೇ ನೆನಪು.

ಮುಂದಿನದು ಯಾವುದು ಅಂತ ಮೊನ್ನೆಯೇ ತೀರ್ಮಾನವಾಯಿತು. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’, ಓ.ಎಲ್. ನಾಗಭೂಷಣಸ್ವಾಮಿಯವರ ಕನ್ನಡದಲ್ಲಿ. ಒಟ್ಟು 361 ಅಧ್ಯಾಯ, ಹೆಚ್ಚಿನವು ಚಿಕ್ಕವು. ದಿನಕ್ಕೊಂದರಂತೆ ಓದಿದರೆ ಹೆಚ್ಚೂಕಡಿಮೆ ಒಂದು ವರ್ಷ. ನಮ್ಮ ನಡಿಗೆಗೆ ಎರಡು ವರ್ಷವಾದರೂ ಬೇಕು. ಹೆಸರುಗಳ ಪಟ್ಟಿ ಬರೆದಿಡುವ ಕೆಲಸ ನನ್ನದು.

ಅಮ್ಮನಿಗೆ ವಿಷಯ ಹೇಳಿದೆವು. ಅದು ಯಾವ ಊರಿನ ಕಥೆ ಅಂತ ಕೇಳಿದರು. ರಷ್ಯಾ, ಅಲ್ಲಿ ಹಿಮ ಬೀಳುತ್ತದೆ, ಸೈನ್ಯವೆಲ್ಲ ಹಿಮದಲ್ಲೇ ನಡೆದುಕೊಂಡು ಹೋಗುತ್ತದೆ ಅಂದಳು ಮಗಳು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ‘ಹಿಮ ನಾನು ಕಂಡಿಲ್ಲ. ಮಳೆ ಬಗ್ಗೆ ನಾನು ಹೇಳಿದ್ನಲ್ಲ, ಇದರ ಬಗ್ಗೆ ನೀವೇ ಯಾರಾದ್ರೂ ಹೇಳ್ಬೇಕು’ ಅಂದರು. ನಮ್ಮಲ್ಲಿ ಯಾರೂ ಹಿಮ ಕಂಡಿಲ್ಲ. ಜೂನ್ ಮೊದಲ ಭಾನುವಾರ ಶುರು ಮಾಡುತ್ತೇವೆ.