ಬೋರ್ಡ್ ಮೇಲಿನ ಮೈನಸ್

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಹಗಲು ಶಿಫ್ಟ್ ಸೂಪರ್‌ವೈಸರ್. ಮನೆಗೆ ಹೊರಡುವ ಮುಂಚೆ ಮೆಷಿನ್ ಪಕ್ಕದ ಬೋರ್ಡ್ ಮೇಲೆ ರಾತ್ರಿಯವರಿಗೆ ಎರಡು ಸಾಲು ಗೀಚಿ ಹೋಗುವುದು ನಮ್ಮ ವಾಡಿಕೆ. ಒಂದು ಸಂಜೆ ಬೋರಿಂಗ್ ಟೂಲ್‌ಗೆ, ಅಂದರೆ ತೂತು ಕೊರೆದು ಅಳತೆಗೆ ತರುವ ಟೂಲ್‌ಗೆ, ಆಫ್‌ಸೆಟ್ (ಅಳತೆಯ ಸಣ್ಣ ತಿದ್ದುಪಡಿ) -0.02 ಅಂತ ಬರೆದೆ. ಮಾರ್ಕರ್ ಒಣಗಿತ್ತು. ಮೈನಸ್ ಗೆರೆ ಇದ್ದೂ ಇಲ್ಲದ ಹಾಗೆ ಬಿತ್ತು. ರಾತ್ರಿ ಆಪರೇಟರ್ ಪ್ಲಸ್ ಕೊಟ್ಟರು. ಬೋರ್, ಅಂದರೆ ಆ ತೂತು, ಸಣ್ಣದಾಗಿದ್ದರೆ ಇನ್ನೊಂದು ಕಟ್ ಕೊಟ್ಟು ಉಳಿಸಬಹುದಿತ್ತು. ದೊಡ್ಡದಾದರೆ ಮುಗೀತು, ಸ್ಕ್ರ್ಯಾಪೇ ಗತಿ. ಬೆಳಿಗ್ಗೆ ತೊಟ್ಟಿ ತುಂಬಿತ್ತು.

ನನಗೆ ರೇಸ್ ಹುಚ್ಚು. ತೊಟ್ಟಿ ನೋಡಿದ ತಕ್ಷಣ ನೆನಪಾದದ್ದು ಸ್ಟರ್ಲಿಂಗ್ ಮಾಸ್.

ಫಾರ್ಮುಲಾ ಒನ್‌ನಲ್ಲಿ 16 ರೇಸ್ ಗೆದ್ದ ಈ ಇಂಗ್ಲಿಷ್ ಡ್ರೈವರ್ ಒಮ್ಮೆಯೂ ಚಾಂಪಿಯನ್ ಆಗಲಿಲ್ಲ. 1955ರಿಂದ 1958ರವರೆಗೆ ನಾಲ್ಕು ವರ್ಷ ಎರಡನೇ ಸ್ಥಾನ, ಆಮೇಲೆ ಮೂರು ವರ್ಷ ಮೂರನೇ ಸ್ಥಾನ. ಮೊದಲ ಮೂರು ವರ್ಷ ಎದುರಿಗೆ ಆ ವರ್ಷಗಳ ಚಾಂಪಿಯನ್ ಫಾಂಜಿಯೊ ಇದ್ದರು, ಬಿಡಿ. ಹೊಟ್ಟೆ ಉರಿಸುವುದು 1958. ಮಾಸ್ ಗೆದ್ದದ್ದು ನಾಲ್ಕು ರೇಸ್, ಫೆರಾರಿಯ ಮೈಕ್ ಹಾಥಾರ್ನ್ ಗೆದ್ದದ್ದು ಒಂದೇ ಒಂದು. ಕೊನೆಗೆ ಪಾಯಿಂಟ್ ಲೆಕ್ಕ ಹಾಕಿದರೆ ಹಾಥಾರ್ನ್ 42, ಮಾಸ್ 41.

ಆ ಒಂದು ಪಾಯಿಂಟ್ ಹೋದದ್ದು ಪೋರ್ಚುಗಲ್‌ನ ಪೋರ್ಟೊ ರೇಸ್‌ನಲ್ಲಿ ಎನ್ನಬಹುದು. ಆಗ ಅತಿ ವೇಗದ ಲ್ಯಾಪ್‌ಗೂ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೂ, ಒಂದು ಪಾಯಿಂಟ್ ಇತ್ತು. ಹಾಥಾರ್ನ್ ಲ್ಯಾಪ್ ರೆಕಾರ್ಡ್ ಮಾಡಿದ್ದಾರೆ ಎಂದು ತಿಳಿಸಲು ಮಾಸ್ ತಂಡದವರು 'ಹಾಥ್ ರೆಕ್' ಎಂಬ ಬೋರ್ಡ್ ಹಿಡಿದರು. ಓಡುವ ಕಾರಿನಿಂದ ಇಂಗ್ಲಿಷಿನ ಸಿ ಅಕ್ಷರ ಜಿ ಹಾಗೆ ಕಂಡಿತು. 'ಹಾಥ್ ರೆಗ್', ಅಂದರೆ ಹಾಥಾರ್ನ್ ರೆಗ್ಯುಲರ್, ಎಂದಿನಂತೆ ಬರುತ್ತಿದ್ದಾರೆ ಅಂದುಕೊಂಡು ಮಾಸ್ ಜಾಸ್ತಿ ಒತ್ತಲೇ ಇಲ್ಲ. ರೇಸ್ ಗೆದ್ದರು, ಲ್ಯಾಪ್ ಪಾಯಿಂಟ್ ಬಿಟ್ಟುಕೊಟ್ಟರು.

ಅದೇ ದಿನ ಇನ್ನೊಂದು ನಡೆಯಿತು. ನಿಂತುಹೋದ ಕಾರನ್ನು ಹಾಥಾರ್ನ್ ಎದುರು ದಿಕ್ಕಿಗೆ ತಳ್ಳಿದರು ಎಂದು ಅವರನ್ನು ಅನರ್ಹಗೊಳಿಸುವ ಮಾತು ಬಂತು. ಕಾರು ಇದ್ದದ್ದು ಟ್ರ್ಯಾಕ್ ಮೇಲಲ್ಲ, ಫುಟ್‌ಪಾತ್ ಮೇಲೆ ಎಂದು ಅವರ ಪರ ಹೇಳಿದವರು ಮಾಸ್. ಹಾಥಾರ್ನ್‌ಗೆ 7 ಪಾಯಿಂಟ್ ಉಳಿಯಿತು. ಮಾಸ್ ಬಾಯಿ ಮುಚ್ಚಿಕೊಂಡಿದ್ದರೆ ಚಾಂಪಿಯನ್!

ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ಹೇಳೋಕೇ ಇಷ್ಟೆಲ್ಲ ಬರೆದದ್ದು. ಅಂದಿನ ಮೀಟಿಂಗ್‌ನಲ್ಲಿ ಎಲ್ಲರೂ ಆ ಆಪರೇಟರ್ ಮೇಲೆ ಹರಿಹಾಯ್ದರು. ಬೋರ್ಡ್ ಅಷ್ಟರಲ್ಲಿ ಒರೆಸಿಯಾಗಿತ್ತು. ತಿಂಗಳ ಬೆಸ್ಟ್ ಶಿಫ್ಟ್ ಬಹುಮಾನ ನಮಗೂ ರಾತ್ರಿಯವರಿಗೂ ಕೂದಲೆಳೆ ಅಂತರದಲ್ಲಿತ್ತು. ಸುಮ್ನೆ ಕೂತೆ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹೋಗಿ ಗೆರೆ ನನ್ನದು, ತಪ್ಪು ನನ್ನದು ಎಂದೆ. ಮಾಸ್‌ಗೆ ಒಂದು ದಿನ ಬೇಕಾಗಿರಲಿಲ್ಲ, ಅಲ್ವಾ?

ಸ್ಕ್ರ್ಯಾಪ್ ನಮ್ಮ ಲೆಕ್ಕಕ್ಕೆ ಬಂತು, ಬಹುಮಾನ ಹೋಯಿತು. ನಮ್ಮ ಹುಡುಗರು ಒಂದು ವಾರ ನನ್ನ ಜೊತೆ ಟೀ ಕುಡಿಯಲಿಲ್ಲ.

ಈಗ ಮೈನಸ್ ಎಂದು ಅಕ್ಷರದಲ್ಲೇ ಬರೆಯುತ್ತೇನೆ. ಆ ಆಪರೇಟರ್ ಬಂದು ಅದನ್ನು ನನ್ನೆದುರೇ ಜೋರಾಗಿ ಓದುತ್ತಾರೆ. ಸ್ವಲ್ಪ ಬೇಕಂತಲೇ ಜೋರಾಗಿ.